ನಿಮ್ಮ ಹೈಸ್ಕೂಲಿಗೆ ಮಾನ್ಯತೆ ಸಿಕ್ಕಿದ್ದು ಯಾವಾಗ? ಹಳೆಯ ಸರಕಾರಿ ದಾಖಲೆ ಹುಡುಕುವವರಿಗೊಂದು ಮಾರ್ಗದರ್ಶಿ

ಕರಾವಳಿಯಲ್ಲಿ ಈಗ ಶಾಲೆಗಳ ಶತಮಾನೋತ್ಸವದ ಕಾಲ. ಮಂಗಳೂರು, ಉಡುಪಿ, ಕಾರ್ಕಳ, ಕುಂದಾಪುರ ಎಲ್ಲಿ ನೋಡಿದರೂ ಯಾವುದಾದರೊಂದು ಹಳೆ ವಿದ್ಯಾರ್ಥಿ ಸಂಘ ಸ್ಮರಣ ಸಂಚಿಕೆಯ ತಯಾರಿಯಲ್ಲಿರುತ್ತದೆ. ಸಂಪಾದಕ ಮಂಡಳಿಯವರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: “ನಮ್ಮ ಶಾಲೆ ಹೈಸ್ಕೂಲ್ ಆದದ್ದು ಯಾವ ವರ್ಷ? ಸರಕಾರ ಮಾನ್ಯತೆ ಕೊಟ್ಟ ಕಾಗದ ಎಲ್ಲಿ ಸಿಗುತ್ತದೆ?” ಇನ್ನು ಕೆಲವರು ಅಜ್ಜನ ಕಾಲದ ಎಸ್‌.ಎಸ್‌.ಎಲ್‌.ಸಿ. ಪುಸ್ತಕ ಹಿಡಿದುಕೊಂಡು, “ಇದರಲ್ಲಿ ಪಾಸ್ ಎಂದು ಎಲ್ಲಿಯೂ ಬರೆದಿಲ್ಲವಲ್ಲ, ಅಜ್ಜ ಫೇಲಾಗಿದ್ದರೇ?” ಎಂದು ಅಳುಕಿನಿಂದ ಕೇಳುತ್ತಾರೆ. ಎರಡಕ್ಕೂ ಇಲ್ಲಿ ಉತ್ತರವಿದೆ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿರಲಿ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಸೇರಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರೆಸಿಡೆನ್ಸಿಯಲ್ಲಿತ್ತು, ಸ್ವಾತಂತ್ರ್ಯದ ನಂತರ ಮದರಾಸು ರಾಜ್ಯದಲ್ಲಿತ್ತು. ಇಂದಿನ ಉಡುಪಿ ಜಿಲ್ಲೆಯೂ ಅದರೊಳಗೇ ಇತ್ತು. ನಮ್ಮ ಶಾಲೆಗಳಿಗೆ ದರ್ಜೆ ಕೊಟ್ಟವರು, ತಪಾಸಣೆ ಮಾಡಿದವರು, ಅನುದಾನ ಮಂಜೂರು ಮಾಡಿದವರು, ಪರೀಕ್ಷೆ ನಡೆಸಿದವರು ಎಲ್ಲರೂ ಮದರಾಸಿನವರು. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ವರದಿಗಳಲ್ಲಿ ಮಂಗಳೂರಿನ ಶಾಲೆಯನ್ನು ಹುಡುಕಿ ನಿರಾಶರಾಗುವವರು ಬಹಳ ಮಂದಿ. ಅಲ್ಲಿ ಅದು ಸಿಗಲು ಸಾಧ್ಯವೇ ಇಲ್ಲ.

ಕೆಲಸಕ್ಕೆ ಇಳಿಯುವ ಮುನ್ನ ಕೈಯಲ್ಲಿ ಇರಬೇಕಾದದ್ದು ಇಷ್ಟು: ಶಾಲೆ ಕಾಲಕಾಲಕ್ಕೆ ಹೊಂದಿದ್ದ ಎಲ್ಲ ಹೆಸರುಗಳು, ಆಗಿನ ತಾಲೂಕು, ಆಡಳಿತ ನಡೆಸುತ್ತಿದ್ದವರು ಯಾರೆಂಬ ವಿವರ, ಮುಖ್ಯೋಪಾಧ್ಯಾಯರ ಹಾಗೂ ಆಡಳಿತ ಮಂಡಳಿಯ ಪರಿಚಯಪತ್ರ, ಗುರುತಿನ ಚೀಟಿ, ಭಾವಚಿತ್ರ, ಒಂದು ನೋಟ್ ಪುಸ್ತಕ, ಪೆನ್ಸಿಲ್. ಹಳೆಯ ಕಾಗದದ ಹತ್ತಿರ ಪೆನ್ನು ಒಯ್ಯಬೇಡಿ; ಪತ್ರಾಗಾರಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶವೂ ಇರುವುದಿಲ್ಲ.

1. ಯಾವ ದಿನಾಂಕ ಬೇಕೆಂದು ತೀರ್ಮಾನಿಸಿ

“ಶಾಲೆ ಆರಂಭವಾದ ವರ್ಷ” ಎಂದು ನಾವು ಸಲೀಸಾಗಿ ಹೇಳುತ್ತೇವೆ. ಸರಕಾರಿ ದಾಖಲೆಯಲ್ಲಿ ಅಂಥ ಒಂದೇ ದಿನಾಂಕ ಇರುವುದಿಲ್ಲ. ಕಡಿಮೆಯೆಂದರೂ ನಾಲ್ಕು ಇರುತ್ತವೆ.

ಪಾಠ ಶುರುವಾದ ದಿನ ಒಂದು. ಇಲಾಖೆ ಮಾನ್ಯತೆ ಕೊಟ್ಟ ದಿನ ಇನ್ನೊಂದು. ಹೈಸ್ಕೂಲಿನ ತರಗತಿಗಳು ಒಂದೊಂದಾಗಿ ತೆರೆದ ವರ್ಷಗಳು ಮೂರನೆಯದು. ಮೊದಲ ತಂಡ ಸಾರ್ವಜನಿಕ ಪರೀಕ್ಷೆಗೆ ಕುಳಿತ ವರ್ಷ ನಾಲ್ಕನೆಯದು. ಇವುಗಳ ನಡುವೆ ಹಲವು ವರ್ಷಗಳ ಅಂತರ ಇರಬಹುದು. ಪ್ರಾಥಮಿಕ ಶಾಲೆಯಾಗಿ ಹುಟ್ಟಿ, ದಶಕಗಳ ಬಳಿಕ ಹೈಸ್ಕೂಲಾಗಿ ಬೆಳೆದ ಶಾಲೆಗಳು ನಮ್ಮಲ್ಲಿ ಎಷ್ಟೋ ಇವೆ. ಸ್ಮರಣ ಸಂಚಿಕೆಗಳಲ್ಲಿ ಈ ನಾಲ್ಕನ್ನೂ ಕಲಸಿ ಒಂದೇ ಇಸವಿ ಹಾಕುವುದರಿಂದಲೇ ಒಂದು ಶಾಲೆಗೆ ಎರಡೆರಡು ಶತಮಾನೋತ್ಸವ ನಡೆಯುವ ಪರಿಸ್ಥಿತಿ ಬರುತ್ತದೆ. ನಿಮಗೆ ಬೇಕಾದದ್ದು ಯಾವುದೆಂದು ಮೊದಲೇ ಬರೆದಿಟ್ಟುಕೊಳ್ಳಿ. ನಾಲ್ಕೂ ಬೇಕಾದರೆ ನಾಲ್ಕಕ್ಕೂ ಬೇರೆ ಬೇರೆ ದಾಖಲೆ ಹುಡುಕಬೇಕು.

2. ಶಾಲೆಯ ಕಪಾಟಿನಿಂದಲೇ ಆರಂಭಿಸಿ

ಚೆನ್ನೈಗೆ ಟಿಕೆಟು ಮಾಡುವ ಮುನ್ನ ಶಾಲೆಯ ಕಚೇರಿಯಲ್ಲಿ ಎರಡು ದಿನ ಕುಳಿತುಕೊಳ್ಳಿ. ಅಲ್ಲಿ ಹುಡುಕಬೇಕಾದವು: ವಿದ್ಯಾರ್ಥಿಗಳ ದಾಖಲಾತಿ ರಿಜಿಸ್ಟರ್, ಮುಖ್ಯೋಪಾಧ್ಯಾಯರು ದಿನದಿನದ ವಿಶೇಷ ಬರೆದಿಡುತ್ತಿದ್ದ ಲಾಗ್ ಬುಕ್, ತಪಾಸಣೆಗೆ ಬಂದವರು ಅಭಿಪ್ರಾಯ ಬರೆದ ಪುಸ್ತಕ, ಅಧ್ಯಾಪಕರ ಸಂಬಳದ ವಹಿ ಮತ್ತು ಇಲಾಖೆಯೊಂದಿಗಿನ ಪತ್ರವ್ಯವಹಾರದ ಕಡತ.

ದಾಖಲಾತಿ ರಿಜಿಸ್ಟರಿನಲ್ಲಿ ಮೊದಲ ಪುಟ ಮಾತ್ರ ನೋಡಿ ಮುಚ್ಚಿಡಬೇಡಿ. ಈಗ ಇರುವ ಅತಿ ಹಳೆಯ ಸಂಪುಟವೇ ಶಾಲೆಯ ಮೊದಲ ಸಂಪುಟ ಎಂದು ಭಾವಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಅದರ ಮೊದಲ ಕ್ರಮಸಂಖ್ಯೆ ಒಂದರಿಂದ ಆರಂಭವಾಗದಿದ್ದರೆ, ಅದಕ್ಕಿಂತ ಹಿಂದಿನ ಸಂಪುಟ ಕಳೆದುಹೋಗಿದೆ ಎಂದರ್ಥ. ವಿದ್ಯಾರ್ಥಿ ಯಾವ ತರಗತಿಗೆ ಸೇರಿದ, ಯಾವ ತರಗತಿಯಿಂದ ಬಿಟ್ಟ ಎಂಬ ಕಾಲಂಗಳನ್ನು ವರ್ಷವಾರು ಗಮನಿಸಿದರೆ ಹೈಸ್ಕೂಲ್ ತರಗತಿಗಳು ಯಾವಾಗ ತೆರೆದವು ಎಂಬುದು ತಾನಾಗಿ ತಿಳಿಯುತ್ತದೆ.

ಪತ್ರವ್ಯವಹಾರದಲ್ಲಿ “ಕರೆಸ್ಪಾಂಡೆಂಟ್” ಎಂಬ ಪದ ಸಿಗುತ್ತದೆ. ಆಡಳಿತದ ಪರವಾಗಿ ಇಲಾಖೆಯೊಡನೆ ಪತ್ರ ನಡೆಸುವ ವ್ಯಕ್ತಿ ಅವರು. ಇಂದು ನಾವು ಶಾಲಾ ಸಂಚಾಲಕರು ಎನ್ನುತ್ತೇವೆ. ಮಾನ್ಯತೆಯ ಆದೇಶ ಅವರ ವಿಳಾಸಕ್ಕೇ ಬರುತ್ತಿತ್ತು. ಹಾಗಾಗಿ ಮೂಲ ಕಾಗದ ಶಾಲೆಯಲ್ಲಿ ಇಲ್ಲದಿದ್ದರೂ ಸಂಚಾಲಕರ ಮನೆಯಲ್ಲಿಯೋ ಚರ್ಚಿನ ಕಚೇರಿಯಲ್ಲಿಯೋ ಆಡಳಿತ ಮಂಡಳಿಯ ಹಳೆಯ ಪೆಟ್ಟಿಗೆಯಲ್ಲಿಯೋ ಇರಬಹುದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು ಅನೇಕ ಶಾಲೆಗಳನ್ನು ನಡೆಸಿತು. ಅಂಥ ಶಾಲೆಯಾದರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ತಪ್ಪದೆ ಹೋಗಿ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಇಲ್ಲಿಂದ ಹೋಗಬೇಕಾಗಿ ಬಂದದ್ದರಿಂದ 1914ರ ನಂತರದ ವರ್ಷಗಳಲ್ಲಿ ಆಡಳಿತ ಬೇರೆಯವರ ಕೈಗೆ ಹೋಯಿತು. ದಾಖಲೆಯಲ್ಲಿ ಆಡಳಿತದ ಹೆಸರು ತಟ್ಟನೆ ಬದಲಾದರೆ ಶಾಲೆ ಬೇರೆಯೆಂದು ತಿಳಿಯಬೇಡಿ.

3. ಹಳೆಯ ದರ್ಜೆಗಳನ್ನು ಓದಲು ಕಲಿಯಿರಿ

ಇಡೀ ಹುಡುಕಾಟದ ಕೀಲಿ ಈ ಹಂತದಲ್ಲಿದೆ. ಇದನ್ನು ದಾಟದೆ ಮುಂದೆ ಹೋದರೆ ಕಣ್ಣೆದುರಿಗಿದ್ದ ದಾಖಲೆಯೂ ಕಾಣುವುದಿಲ್ಲ.

ಮದರಾಸಿನ ಪದ್ಧತಿಯಲ್ಲಿ ಪ್ರಾಥಮಿಕ ತರಗತಿಗಳ ಮೇಲೆ ಆರು “ಫಾರ್ಮ್”ಗಳಿದ್ದವು. ಒಂದರಿಂದ ಮೂರನೆಯ ಫಾರ್ಮ್‌ವರೆಗೆ ಲೋವರ್ ಸೆಕೆಂಡರಿ ಅಥವಾ ಮಿಡ್ಲ್ ಸ್ಕೂಲ್. ನಾಲ್ಕರಿಂದ ಆರರವರೆಗೆ ಹೈಸ್ಕೂಲ್. ಐದು ವರ್ಷ ಪ್ರಾಥಮಿಕ, ಆರು ವರ್ಷ ಫಾರ್ಮ್‌ಗಳು, ಒಟ್ಟು ಹನ್ನೊಂದು ವರ್ಷ. ನಾಲ್ಕನೆಯ ಫಾರ್ಮ್ ಎಂದರೆ ಒಂಬತ್ತನೆಯ ವರ್ಷದ ಓದು. ಅದನ್ನು ಇಂದಿನ ನಾಲ್ಕನೆಯ ತರಗತಿ ಎಂದು ಬರೆದ ಸಂಚಿಕೆಗಳೂ ಇವೆ. ದಯವಿಟ್ಟು ಆ ತಪ್ಪು ಮಾಡಬೇಡಿ.

ಆರೂ ಫಾರ್ಮ್‌ಗಳಿರುವ ಶಾಲೆ “ಪೂರ್ಣ” ಸೆಕೆಂಡರಿ ಶಾಲೆ. ಮೇಲಿನ ಫಾರ್ಮ್‌ಗಳು ಇನ್ನೂ ತೆರೆಯದಿದ್ದರೆ “ಅಪೂರ್ಣ” ಸೆಕೆಂಡರಿ ಶಾಲೆ. ವರದಿಯಲ್ಲಿ ನಿಮ್ಮ ಶಾಲೆಯನ್ನು ಅಪೂರ್ಣ ಎಂದು ಕರೆದಿದ್ದರೆ ಅದು ಗುಣಮಟ್ಟದ ಟೀಕೆಯಲ್ಲ, ಎಷ್ಟು ತರಗತಿಗಳಿವೆ ಎಂಬ ಲೆಕ್ಕ ಮಾತ್ರ. ಫಾರ್ಮ್‌ಗಳಿಗೆ ವರ್ಷಕ್ಕೊಂದರಂತೆ ಅನುಮತಿ ಸಿಗುತ್ತಿದ್ದುದು ಸಾಮಾನ್ಯ. ಮೊದಲು ತಾತ್ಕಾಲಿಕ ಮಾನ್ಯತೆ, ಕಟ್ಟಡ, ಅಧ್ಯಾಪಕರು, ಪೀಠೋಪಕರಣ, ಹಣಕಾಸು ಸರಿಯಿದೆ ಎಂದು ಇನ್‌ಸ್ಪೆಕ್ಟರರು ಒಪ್ಪಿದ ಮೇಲೆ ಕಾಯಂ ಮಾನ್ಯತೆ. ಆದ್ದರಿಂದ ಮಾನ್ಯತೆಯ ಕಾಗದ ಒಂದು ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬೇಡಿ. ಅದು ಯಾವ ಫಾರ್ಮ್‌ಗೆ, ಎಷ್ಟು ಅವಧಿಗೆ ಎಂದು ಓದಿ.

ಆಡಳಿತದ ಪ್ರಕಾರವೂ ಶಾಲೆಗಳನ್ನು ವಿಂಗಡಿಸುತ್ತಿದ್ದರು: ಸರಕಾರಿ, ಸ್ಥಳೀಯ ಮಂಡಳಿಯ, ಪುರಸಭೆಯ, ಅನುದಾನಿತ, ಅನುದಾನರಹಿತ. ಪುತ್ತೂರು, ಕುಂದಾಪುರಗಳ ಹಿರಿಯರು ಇಂದಿಗೂ “ಬೋರ್ಡ್ ಹೈಸ್ಕೂಲ್” ಎನ್ನುವುದು ಜಿಲ್ಲಾ ಬೋರ್ಡು ನಡೆಸುತ್ತಿದ್ದ ಶಾಲೆಯನ್ನು. ಅದು ಸರಕಾರಿ ಶಾಲೆಗಳ ಪಟ್ಟಿಯಲ್ಲಿ ಸಿಗುವುದಿಲ್ಲ, ಸ್ಥಳೀಯ ಮಂಡಳಿಗಳ ಪಟ್ಟಿಯಲ್ಲಿ ಸಿಗುತ್ತದೆ.

ಬಹಳ ಮಂದಿ ಎಡವುವ ಜಾಗ ಇನ್ನೊಂದಿದೆ. ಆ ವರದಿಗಳಲ್ಲಿ “ಪಬ್ಲಿಕ್ ಸಂಸ್ಥೆ” ಎಂದರೆ ಇಲಾಖೆ ಅಥವಾ ವಿಶ್ವವಿದ್ಯಾನಿಲಯದ ಪಠ್ಯಕ್ರಮ ಅನುಸರಿಸುವ, ಮಾನ್ಯತೆ ಪಡೆದ ಸಂಸ್ಥೆ. ನಡೆಸುವವರು ಖಾಸಗಿಯವರೇ ಆಗಿದ್ದರೂ ಅದು ಪಬ್ಲಿಕ್. “ಪ್ರೈವೇಟ್” ಎಂದರೆ ಮಾನ್ಯತೆಯ ಹೊರಗಿದ್ದ ಪಾಠಶಾಲೆಗಳು, ಐಗಳ ಮಠಗಳು, ಮದರಸಗಳು. ಇಂದಿನ ಅರ್ಥ ಹಿಡಿದು ಖಾಸಗಿ ಶಾಲೆಯನ್ನು ಪ್ರೈವೇಟ್ ಪಟ್ಟಿಯಲ್ಲಿ ಹುಡುಕಿದರೆ ಅದು ಎಂದೂ ಸಿಗದು.

ಕಾಲೇಜಿಗೆ ಸೇರಿದ್ದ ಹೈಸ್ಕೂಲುಗಳ ಕತೆ ಬೇರೆ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್, ಹಂಪನಕಟ್ಟೆಯಲ್ಲಿ ಇಂದು ವಿಶ್ವವಿದ್ಯಾನಿಲಯ ಕಾಲೇಜು ಎನಿಸಿರುವ ಆಗಿನ ಸರಕಾರಿ ಕಾಲೇಜು, ಇಂಥವುಗಳ ಶಾಲಾ ವಿಭಾಗದ ವಿವರ ಕಾಲೇಜಿನ ಅಧ್ಯಾಯದೊಳಗೆ ಅಡಗಿರುತ್ತದೆ. ಅಲ್ಲಿ “ಎರಡನೆಯ ದರ್ಜೆಯ ಕಾಲೇಜು” ಎಂದಿದ್ದರೆ ಇಂಟರ್‌ಮೀಡಿಯೆಟ್ ಅಥವಾ ಅದಕ್ಕೂ ಹಿಂದಿನ ಎಫ್‌.ಎ. ತನಕ, ಅಂದರೆ ಹೈಸ್ಕೂಲಿನ ಮೇಲಿನ ಮೊದಲ ಎರಡು ವರ್ಷ ಮಾತ್ರ ಓದಿಸುವ ಕಾಲೇಜು. “ಮೊದಲ ದರ್ಜೆ” ಎಂದರೆ ಬಿ.ಎ. ತನಕ. ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಹೆಸರಿನಲ್ಲಿ ಆ ವಿಂಗಡಣೆಯ ಗುರುತು ಇನ್ನೂ ಇದೆ.

ಹೆಣ್ಣುಮಕ್ಕಳ ಶಾಲೆಯಾದರೆ ಇನ್ನೊಂದು ಎಚ್ಚರ. ಅವುಗಳ ತಪಾಸಣೆಗೆ ಪ್ರತ್ಯೇಕ ಇನ್‌ಸ್ಪೆಕ್ಟ್ರೆಸ್, ಅಂದರೆ ಮಹಿಳಾ ತಪಾಸಣಾಧಿಕಾರಿ ಇದ್ದರು. ವರದಿಯಲ್ಲಿಯೂ ಸ್ತ್ರೀಶಿಕ್ಷಣಕ್ಕೆ ಪ್ರತ್ಯೇಕ ಅಧ್ಯಾಯ ಇರುತ್ತದೆ. ಗಂಡುಮಕ್ಕಳ ಶಾಲೆಗಳ ಪಟ್ಟಿ ನೋಡಿ “ನಮ್ಮ ಶಾಲೆ ಇಲ್ಲ” ಎಂದು ಎದ್ದುಬರಬೇಡಿ.

4. ಮುದ್ರಿತ ವಾರ್ಷಿಕ ವರದಿಗಳನ್ನು ಮನೆಯಲ್ಲೇ ನೋಡಿ

ಭಾರತದ ಶಿಕ್ಷಣ ನೀತಿಯ ಬಗ್ಗೆ ಲಂಡನ್ನಿನಿಂದ ಬಂದ 1854ರ ವುಡ್ ಆದೇಶಪತ್ರದ ಬಳಿಕ ಮದರಾಸಿನಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆ ಬಂತು, ಖಾಸಗಿ ಶಾಲೆಗಳಿಗೆ ಅನುದಾನದ ಪದ್ಧತಿ ಬಂತು. ಅಂದಿನಿಂದ ಶಿಕ್ಷಣ ನಿರ್ದೇಶಕರು ವರ್ಷ ವರ್ಷವೂ ವರದಿ ಮುದ್ರಿಸಿದರು. ಇವುಗಳಲ್ಲಿ ಅನೇಕ ಸಂಪುಟಗಳು ಇಂಟರ್ನೆಟ್ ಆರ್ಕೈವ್ (archive.org) ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಹತ್ತೊಂಬತ್ತನೆಯ ಶತಮಾನದ ವರದಿಗಳು ನಮಗೆ ಹೆಚ್ಚು ಉಪಯುಕ್ತ. ಶಾಲೆಗಳು ಕಡಿಮೆಯಿದ್ದುದರಿಂದ ಒಂದೊಂದು ಶಾಲೆಯ ಹೆಸರು ಹೇಳಿ, ಎಷ್ಟು ಮಂದಿ ಮೆಟ್ರಿಕ್ಯುಲೇಶನ್‌ಗೆ ಕುಳಿತರು, ಎಷ್ಟು ಮಂದಿ ತೇರ್ಗಡೆಯಾದರು ಎಂದು ಕೊಟ್ಟಿರುತ್ತಾರೆ. ಶಾಲೆಗಳು ಹೆಚ್ಚಿದಂತೆ ಹೆಸರುಗಳು ಮರೆಯಾಗಿ ಜಿಲ್ಲಾವಾರು ಅಂಕಿಗಳು ಉಳಿಯುತ್ತವೆ. ನಿಮ್ಮ ಶಾಲೆ 1920ರ ಬಳಿಕದ್ದಾದರೆ ಈ ವರದಿಯಿಂದ ಹೆಚ್ಚು ನಿರೀಕ್ಷಿಸಬೇಡಿ, ನೇರವಾಗಿ ಐದನೆಯ ಹಂತಕ್ಕೆ ಹೋಗಿ.

ಹುಡುಕುವಾಗ ಊರಿನ ಹೆಸರನ್ನು ಇಂಗ್ಲಿಷರು ಬರೆದಂತೆಯೇ ಬರೆಯಬೇಕು. ಉಡುಪಿ ಅಲ್ಲಿ ಉಡಿಪಿ; ಕುಂದಾಪುರ ಕೂಂಡಪೂರ್; ಮಂಗಳೂರು ಮ್ಯಾಂಗಲೋರ್; ಜಿಲ್ಲೆ ಸೌತ್ ಕೆನರಾ. ಕೆನರಾ ಎಂಬಲ್ಲಿ ಇಂಗ್ಲಿಷಿನ ಸಿ, ಕೆ ಎರಡೂ ಅಕ್ಷರಗಳನ್ನು ಹಾಕಿ ನೋಡಿ. ಪುತ್ತೂರು ಭಾಗದವರು ಉಪ್ಪಿನಂಗಡಿ ತಾಲೂಕು ಎಂದು ಹುಡುಕಬೇಕು, ಹಿಂದೆ ಆ ತಾಲೂಕಿಗೆ ಅದೇ ಹೆಸರು. ಸ್ಕ್ಯಾನ್ ಪ್ರತಿಯಲ್ಲಿ ಯಂತ್ರ ಅಕ್ಷರಗಳನ್ನು ತಪ್ಪಾಗಿ ಓದಿರುವುದೂ ಉಂಟು. ಹಾಗಾಗಿ ಹುಡುಕು ಗುಂಡಿಯನ್ನೇ ನಂಬದೆ, ಪರಿವಿಡಿ ನೋಡಿ ಜಿಲ್ಲೆಯ ಕೋಷ್ಟಕದ ಪುಟಕ್ಕೆ ಹೋಗಿ ಕಣ್ಣಾರೆ ಓದಿ.

ವರ್ಷದ ವಿಚಾರದಲ್ಲೂ ಜಾಗ್ರತೆ ಬೇಕು. 1891-92ರ ವರದಿ ಎಂದರೆ 1891ರ ಏಪ್ರಿಲ್‌ನಿಂದ 1892ರ ಮಾರ್ಚ್‌ವರೆಗಿನ ಸರಕಾರಿ ವರ್ಷ. ಉದಾಹರಣೆಗೆ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹೈಸ್ಕೂಲ್ ಸ್ಥಾಪಿಸಿದ್ದು 1891ರಲ್ಲಿ. ಆ ಇಸವಿಯ ಸಂಗತಿ ಹುಡುಕುವವರು 1890-91 ಮತ್ತು 1891-92ರ ಎರಡೂ ಸಂಪುಟಗಳನ್ನು ತೆರೆಯಬೇಕಾಗುತ್ತದೆ.

5. ಚೆನ್ನೈಯ ಪತ್ರಾಗಾರ

ಮೂಲ ಆದೇಶ ಸಿಗುವ ಸಾಧ್ಯತೆ ಇರುವುದು ಚೆನ್ನೈಯ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ. ಹಿಂದಿನ ಮದರಾಸು ರೆಕಾರ್ಡ್ ಆಫೀಸ್ ಅದು. ಎಗ್ಮೋರ್ ರೈಲು ನಿಲ್ದಾಣಕ್ಕೆ ಹತ್ತಿರ. ಸಂಶೋಧಕರಾಗಿ ಅರ್ಜಿ ಸಲ್ಲಿಸಿ ಒಪ್ಪಿಗೆ ಪಡೆದ ಮೇಲೆಯೇ ಕಡತ ತೆಗೆಸಬಹುದು. ಆದ್ದರಿಂದ ಹೊರಡುವ ಮುನ್ನ ಪತ್ರ ಬರೆದು ಈಗಿನ ನಿಯಮ ತಿಳಿದುಕೊಳ್ಳಿ.

ಅಲ್ಲಿ ಕೇಳಬೇಕಾದದ್ದು ಶಿಕ್ಷಣ ಇಲಾಖೆಯ ಸರಕಾರಿ ಆದೇಶಗಳು. ಜಿ.ಒ. ಎಂದು ಕರೆಯುವುದು ಇದನ್ನೇ. ಪ್ರತಿ ಜಿ.ಒ.ಗೂ ಸಂಖ್ಯೆ, ದಿನಾಂಕ, ಇಲಾಖೆಯ ಹೆಸರು ಇರುತ್ತದೆ. ಮೂರೂ ಇದ್ದರೆ ಮಾತ್ರ ಕಡತ ಕೈಗೆ ಬರುತ್ತದೆ. ಸಂಖ್ಯೆ ಗೊತ್ತಿಲ್ಲದವರು ಆಯಾ ವರ್ಷದ ಸೂಚಿಯನ್ನು ತರಿಸಿಕೊಂಡು “ಸೌತ್ ಕೆನರಾ”, “ಮ್ಯಾಂಗಲೋರ್”, “ಮಾನ್ಯತೆ”, “ಅನುದಾನ” ಎಂಬ ನಾಲ್ಕು ತಲೆಬರಹಗಳಲ್ಲೂ ನೋಡಬೇಕು. ನಮ್ಮ ಅನುಭವದಲ್ಲಿ ಹೆಚ್ಚು ಫಲ ಕೊಡುವುದು ಅನುದಾನ. ಹಣ ಬಿಡುಗಡೆಯಾಗುವಲ್ಲಿ ಸರಕಾರ ಎಲ್ಲವನ್ನೂ ಬರೆದಿಡುತ್ತದೆ: ಕಟ್ಟಡದ ಅಂದಾಜು, ಅಧ್ಯಾಪಕರ ಅರ್ಹತೆ, ಮಕ್ಕಳ ಸಂಖ್ಯೆ, ಕೆಲವೊಮ್ಮೆ ನಕ್ಷೆ ಕೂಡ. ಹತ್ತೊಂಬತ್ತನೆಯ ಶತಮಾನದಲ್ಲಿ ಮಕ್ಕಳ ಪರೀಕ್ಷಾ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿಯೂ ಇತ್ತು. ಆ ಕಾಲದ ಅನುದಾನದ ಮೊತ್ತ ಶಾಲೆಯ ಓದು ಹೇಗಿತ್ತೆಂಬುದಕ್ಕೂ ಒಂದು ಸಾಕ್ಷಿ.

ಕಡತದ ಮೇಲೆ “ಆರ್. ಡಿಸ್.”, “ಡಿ. ಡಿಸ್.” ಎಂಬ ಗುರುತುಗಳು ಕಂಡರೆ ಗಾಬರಿಯಾಗಬೇಡಿ. ಕಡತ ಮುಗಿಸಿದಾಗ ಅದನ್ನು ಎಷ್ಟು ಕಾಲ ಇಡಬೇಕೆಂದು ಹಾಕುವ ಸಂಕೇತ ಅದು. ಆರ್. ಎಂದರೆ ಶಾಶ್ವತವಾಗಿ ಇಡಬೇಕಾದದ್ದು, ಡಿ. ಎಂದರೆ ಹತ್ತು ವರ್ಷದ ಬಳಿಕ ನಾಶ ಮಾಡಬಹುದಾದದ್ದು. ನಿಮ್ಮ ಶಾಲೆಯ ಕಾಗದದಲ್ಲಿ ಉಲ್ಲೇಖಿಸಿದ ಕಡತಕ್ಕೆ ಡಿ. ಗುರುತಿದ್ದರೆ, ಅದರ ಇಲಾಖಾ ಪ್ರತಿ ಇಂದು ಉಳಿದಿರುವ ಸಂಭವ ಕಡಿಮೆ. ಶಾಲೆಯಲ್ಲಿರುವ ಪ್ರತಿಯೇ ಅಮೂಲ್ಯ, ಅದನ್ನು ಜೋಪಾನ ಮಾಡಿ.

6. 1956ರ ನಂತರದ ಕಾಗದಗಳು

ಇದು ಸುಲಭ. ಮಂಗಳೂರು ಅಥವಾ ಉಡುಪಿಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. “ಶಾಲೆಯ ಸಂಪೂರ್ಣ ಇತಿಹಾಸ ಕೊಡಿ” ಎಂದು ಬರೆದರೆ ಏನೂ ಸಿಗದು. “ಇಂಥ ಶಾಲೆಗೆ ಮಾನ್ಯತೆ ನೀಡಿದ ಆದೇಶದ ಪ್ರತಿ” ಎಂದು ಒಂದೇ ದಾಖಲೆ ಕೇಳಿ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಕರ್ತವ್ಯ. ಕಾಯಿದೆಯ 6(3)ನೆಯ ಸೆಕ್ಷನ್ ಅದನ್ನೇ ಹೇಳುತ್ತದೆ.

ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕಿಂತ ಹಿಂದಿನ ಕಡತ ಉಡುಪಿಯಲ್ಲಿ ಇಲ್ಲವೆಂದರೆ ಮಂಗಳೂರಿನಲ್ಲಿ ಕೇಳಿ. ಕಾಸರಗೋಡು, ಮಂಜೇಶ್ವರ ಭಾಗದ ಶಾಲೆಯಾದರೆ 1956ರ ನಂತರದ ದಾಖಲೆ ಕೇರಳದ್ದು. ಶಾಲೆಗಳ ಅಂಕಿಅಂಶ ಕಲೆಹಾಕುವ ಸರಕಾರಿ ಯುಡೈಸ್ ಜಾಲತಾಣದಲ್ಲಿ ಕಾಣುವ ಸ್ಥಾಪನಾ ವರ್ಷವನ್ನು ಪುರಾವೆಯೆಂದು ಹಿಡಿಯಬೇಡಿ. ಅದು ಶಾಲೆಯೇ ತುಂಬಿಸಿ ಕಳುಹಿಸಿದ ಮಾಹಿತಿ.

7. ಅಜ್ಜನ ಸರ್ಟಿಫಿಕೇಟು ಓದುವ ಬಗೆ

1857ರಿಂದ ಮದರಾಸು ವಿಶ್ವವಿದ್ಯಾನಿಲಯ ಮೆಟ್ರಿಕ್ಯುಲೇಶನ್ ನಡೆಸುತ್ತಿತ್ತು. ಅದರಲ್ಲಿ ಪಾಸು, ಫೇಲು ಇತ್ತು. 1911ರ ಸುಮಾರಿಗೆ ಅದರ ಜಾಗಕ್ಕೆ ಎಸ್‌.ಎಸ್‌.ಎಲ್‌.ಸಿ. ಬಂತು. ಹೊಸ ಯೋಜನೆಯ ಉದ್ದೇಶವೇ ಬೇರೆ. ಒಂದು ದಿನದ ಪರೀಕ್ಷೆಯಿಂದ ಹುಡುಗನನ್ನು ಅಳೆಯುವ ಬದಲು, ಶಾಲೆಯಲ್ಲಿ ಗಳಿಸಿದ ಅಂಕ ಮತ್ತು ಸಾರ್ವಜನಿಕ ಪರೀಕ್ಷೆಯ ಅಂಕ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಆರಂಭದ ಪದ್ಧತಿಯಲ್ಲಿ ಪಾಸು, ಫೇಲು ಎಂದು ಘೋಷಿಸುತ್ತಿರಲಿಲ್ಲ. ಕಾಲೇಜಿಗೆ ಸೇರಲು ಅರ್ಹರಾದವರನ್ನು ಮಾತ್ರ “ಎಲಿಜಿಬಲ್”, ಅಂದರೆ ಅರ್ಹ ಎಂದು ಪ್ರಕಟಿಸುತ್ತಿದ್ದರು. ಉಳಿದವರೂ ಎಸ್‌.ಎಸ್‌.ಎಲ್‌.ಸಿ. ಮುಗಿಸಿದವರೇ, ಆ ಪುಸ್ತಕ ತೋರಿಸಿ ಗುಮಾಸ್ತರಾಗಿ, ಅಧ್ಯಾಪಕರಾಗಿ ಕೆಲಸಕ್ಕೆ ಸೇರಿದವರು ನಮ್ಮ ಜಿಲ್ಲೆಯಲ್ಲಿ ಅಸಂಖ್ಯ. ನಿಮ್ಮ ಅಜ್ಜ ಫೇಲಾಗಿದ್ದರು ಎಂದು ಆ ಪುಸ್ತಕ ನೋಡಿ ಯಾರೂ ತೀರ್ಮಾನಿಸಕೂಡದು.

ಪುಸ್ತಕದಲ್ಲಿ ಎ, ಬಿ, ಸಿ ಗುಂಪುಗಳು ಕಾಣುತ್ತವೆ. ಅವು ಈಗಿನ ಶ್ರೇಣಿಗಳಂತೆ ಅಲ್ಲ, ವಿಷಯಗಳ ವಿಂಗಡಣೆ. ಎ ಗುಂಪಿನಲ್ಲಿ ಇಂಗ್ಲಿಷ್, ದೇಶಭಾಷೆ, ಗಣಿತದಂಥ ಕಡ್ಡಾಯ ವಿಷಯಗಳು. ಸಿ ಗುಂಪಿನಲ್ಲಿ ಐಚ್ಛಿಕ ವಿಷಯಗಳು. ಬಿ ಗುಂಪಿನ ವಿಷಯಗಳನ್ನು ಶಾಲೆಯಲ್ಲಿ ಕಲಿಸುತ್ತಿದ್ದರೂ ಸಾರ್ವಜನಿಕ ಪರೀಕ್ಷೆ ಇರುತ್ತಿರಲಿಲ್ಲ, ಹಾಗಾಗಿ ಆ ಕಾಲಂ ಖಾಲಿ ಇರುವುದು ಸಹಜ.

ಇ.ಎಸ್‌.ಎಲ್‌.ಸಿ. ಎಂದಿದ್ದರೆ ಅದು ಎಂಟನೆಯ ತರಗತಿ ಮುಗಿಸಿದವರಿಗೆ ಕೊಡುತ್ತಿದ್ದ ಎಲಿಮೆಂಟರಿ ಶಾಲೆಯ ಪ್ರಮಾಣಪತ್ರ. ಒಂದು ಅಕ್ಷರದ ವ್ಯತ್ಯಾಸ, ಮೂರು ವರ್ಷದ ಅಂತರ. ಇನ್ನು ಈಗಿನ ಪರೀಕ್ಷಾ ಮಂಡಳಿಯ ಮೂಲ 1966ರದು, 1940ರ ಎಸ್‌.ಎಸ್‌.ಎಲ್‌.ಸಿ.ಯ ನಕಲು ಕೇಳಿಕೊಂಡು ಬೆಂಗಳೂರಿನ ಮಂಡಳಿಗೆ ಹೋಗುವುದರಿಂದ ಪ್ರಯೋಜನವಿಲ್ಲ. ಓದಿದ ಶಾಲೆಯ ದಾಖಲಾತಿ ರಿಜಿಸ್ಟರಿನ ಪ್ರಮಾಣಿತ ನಕಲನ್ನು ಮುಖ್ಯೋಪಾಧ್ಯಾಯರಿಂದ ಪಡೆಯುವುದೇ ನೇರ ದಾರಿ.

8. ನಕಲು ತೆಗೆಯುವಾಗ, ಅಚ್ಚು ಹಾಕುವಾಗ

ನಮ್ಮ ಮಳೆಗಾಲ ಕಾಗದಕ್ಕೆ ಶತ್ರು. ರಿಜಿಸ್ಟರ್ ಬಿಚ್ಚಿ ಫೋಟೊ ತೆಗೆಯುವ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿನೊಳಗೆ ಮುಗಿಸಿ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಪ್ರತಿ ಸಂಪುಟದ ರಟ್ಟು, ಮೊದಲ ಪುಟ, ಬೇಕಾದ ಪುಟ ಈ ಕ್ರಮದಲ್ಲಿ ಚಿತ್ರ ತೆಗೆದರೆ ಮುಂದೆ ಯಾವ ಪುಟ ಯಾವ ಸಂಪುಟದ್ದು ಎಂಬ ಗೊಂದಲ ಬರುವುದಿಲ್ಲ.

ರಿಜಿಸ್ಟರಿನ ಇಡೀ ಪುಟವನ್ನು ಸಂಚಿಕೆಯಲ್ಲಿ ಅಚ್ಚು ಹಾಕಬೇಡಿ. ಅದರಲ್ಲಿ ಮಕ್ಕಳ ಜಾತಿ, ತಂದೆಯ ಕಸುಬು, ಶುಲ್ಕ ಬಾಕಿಯ ವಿವರಗಳಿವೆ; ಅವರ ಮಕ್ಕಳು, ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ. ಜನ್ಮದಿನಾಂಕವನ್ನೂ ಪೂರ್ತಿ ನಂಬಬೇಡಿ, ಶಾಲೆಗೆ ಸೇರಿಸಲು ಅನುಕೂಲವಾಗುವಂತೆ ಬರೆಸಿದವು ಬಹಳ.

ಸಂಚಿಕೆಯಲ್ಲಿ ಪ್ರತಿ ದಿನಾಂಕದ ಪಕ್ಕದಲ್ಲಿ ಅದು ಯಾವುದರ ದಿನಾಂಕ, ಯಾವ ದಾಖಲೆಯಿಂದ ತೆಗೆದದ್ದು ಎಂದು ಬರೆಯಿರಿ: “ನಾಲ್ಕನೆಯ ಫಾರ್ಮ್‌ಗೆ ತಾತ್ಕಾಲಿಕ ಮಾನ್ಯತೆ, ಜಿ.ಒ. ಸಂಖ್ಯೆ ಇಂಥದ್ದು, ಶಿಕ್ಷಣ ಇಲಾಖೆ, ಇಂಥ ದಿನ” ಎಂಬಷ್ಟು ವಿವರ ಸಾಕು. ಹಿರಿಯರ ನೆನಪಿನಿಂದ ಬಂದದ್ದಾದರೆ ನೆನಪಿನಿಂದ ಬಂದದ್ದು ಎಂದೇ ಹೇಳಿ. ಎರಡು ದಾಖಲೆಗಳು ಬೇರೆ ಬೇರೆ ವರ್ಷ ಹೇಳಿದರೆ ಎರಡನ್ನೂ ಕೊಡಿ, ನಿಮಗಿಷ್ಟವಾದ ಒಂದನ್ನು ಆರಿಸಿ ಇನ್ನೊಂದನ್ನು ಮುಚ್ಚಿಡಬೇಡಿ. ತೆಗೆದ ಚಿತ್ರಗಳ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಸಂಚಾಲಕರ ಕಚೇರಿಯಲ್ಲಿ, ಮತ್ತೊಂದು ಹತ್ತಿರದ ಕಾಲೇಜು ಗ್ರಂಥಾಲಯದಲ್ಲಿ ಇರುವಂತೆ ಹಂಚಿಬಿಡಿ.